ನಲವತ್ತೊಂದನೇ ಸೀಸೆ

ಸುಳ್ಳಿಗೊಂದು ವಾಸನೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಯಾರೋ ಒಬ್ಬರು ಯಾವುದೋ ಸಭೆಯಲ್ಲಿ ಚಹಾ ಕುಡಿಯುತ್ತ ಅಂದರಂತೆ. ಬೇರೆ ಕಾಲದಲ್ಲಾಗಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅಷ್ಟು ಹೊತ್ತಿಗೆ ಜನಕ್ಕೆ ಅಂತರ್ಜಾಲವೆಂದರೆ ವಾಕರಿಕೆ ಬರುವಂತಾಗಿತ್ತು. ಮಗುವಿಗೆ ಜ್ವರ ಬಂದಿದೆ, ಏನು ಮಾಡಲಿ ಎಂದು ಕೇಳಿದರೆ ನೂರು ಪುಟ ತೆರೆದುಕೊಳ್ಳುತ್ತಿದ್ದವು. ಪ್ರತಿಯೊಂದರ ನೆತ್ತಿಯ ಮೇಲೂ ‘ಉಪಯುಕ್ತ ಮಾಹಿತಿ’ ಎಂಬ ಫಲಕ. ಬರೆದವರು ಜ್ವರದ ಮಗುವನ್ನು ಕಂಡವರಲ್ಲ, ಬರೆದದ್ದೇ ಯಂತ್ರ.

ಹುಡುಕುವ ಯಂತ್ರ ಯಾವ ಪುಟವನ್ನು ಮೇಲಕ್ಕೆ ತರುತ್ತಿತ್ತೆಂದರೆ, ಬೇರೆ ಪುಟಗಳು ಯಾವುದಕ್ಕೆ ಹೆಚ್ಚು ಕೊಂಡಿ ಹಾಕಿವೆಯೋ ಅದನ್ನು. ಕೊಂಡಿಯೆಂದರೆ ಒಂದು ಪುಟ ಇನ್ನೊಂದರ ಕಡೆ ಬೆರಳು ತೋರಿಸಿ, ಅಲ್ಲಿ ಹೋಗಿ, ಅವರಿಗೆ ಗೊತ್ತು ಎನ್ನುವುದು. ಗುಟ್ಟು ಇಷ್ಟೇ ಎಂದು ತಿಳಿದ ಮೇಲೆ ಕೇಳಬೇಕೇ? ಬೆರಳು ತೋರಿಸುವುದಕ್ಕೆಂದೇ ಸಾವಿರಾರು ಡೈರೆಕ್ಟರಿಗಳು ಹುಟ್ಟಿದವು. ವೈದ್ಯರ ಡೈರೆಕ್ಟರಿ, ಅಡುಗೆಯವರ ಡೈರೆಕ್ಟರಿ, ಡೈರೆಕ್ಟರಿಗಳದ್ದೇ ಒಂದು ಡೈರೆಕ್ಟರಿ. ಇದು ಅದನ್ನು ಹೊಗಳುವುದು, ಅದು ಇದನ್ನು ಹೊಗಳುವುದು. ಒಬ್ಬರ ಎಂಜಲೆಲೆಯಲ್ಲೇ ಇನ್ನೊಬ್ಬರಿಗೆ ಬಡಿಸಿ, ಅದನ್ನು ಹಬ್ಬದೂಟವೆಂದು ಕರೆದ ಹಾಗೆ. ನಿಜವಾಗಿ ಉಪಯೋಗವಾಗಲೆಂದು ಕೂತು ಬರೆದವರ ಪುಟ ಈ ರಾಶಿಯ ಅಡಿಗೆಲ್ಲೋ ಸಿಕ್ಕಿಕೊಂಡು ಉಸಿರುಗಟ್ಟುತ್ತಿತ್ತು.

ಹಾಗಾಗಿ ಮೂಗುತಿ ಬಂತು. ಹೆಂಗಸರಿಗೆ ಸಾಸಿವೆ ಕಾಳಿನಷ್ಟು ಹೊಳೆಯುವ ಬೊಟ್ಟು. ಮೂಗು ಚುಚ್ಚಿಸಿಕೊಳ್ಳಲು ನಾಚುವ ಗಂಡಸರಿಗೆ ಒಳಗಡೆ ಸಿಕ್ಕಿಸುವ ಸಣ್ಣ ಕೊಕ್ಕೆ. ಅದರೊಳಗೆ ವಾಸನೆಯೇನೂ ತುಂಬಿರಲಿಲ್ಲ. ವಾಸನೆ ಹಿಡಿಯುವ ನರವನ್ನು ಅದು ಹಗುರವಾಗಿ ಮಿಡಿಯುತ್ತಿತ್ತು, ಮಿದುಳು ಉಳಿದದ್ದನ್ನು ತಾನೇ ಕಲ್ಪಿಸಿಕೊಳ್ಳುತ್ತಿತ್ತು. ನಿಜವಾದ ಕೊಂಡಿಯ ಮೇಲೆ ಜನ ನಡೆದಾಡಿದ ಗುರುತಿರುತ್ತದೆ. ಬರೇ ಲೆಕ್ಕಕ್ಕೆ ಹಾಕಿದ ಕೊಂಡಿಯ ಮೇಲೆ ಒಬ್ಬರೂ ಕಾಲಿಟ್ಟಿರುವುದಿಲ್ಲ. ಮೂಗುತಿ ನೋಡುತ್ತಿದ್ದದ್ದು ಅದನ್ನೇ. ಸಾಚಾ ಪುಟ ತೆರೆದರೆ ಯಾವ ವಾಸನೆಯೂ ಇಲ್ಲ. ಸುಳ್ಳು ಪುಟ ತೆರೆದರೆ ದುರ್ನಾತ. ಹಳಸಿದ ಅನ್ನವನ್ನು ಮೂಸಿ ಪಕ್ಕಕ್ಕಿಡಲು ಯಾರಿಗೂ ಓದುಬರಹ ಬೇಕಿಲ್ಲ ತಾನೇ? ಅದೇ ನಂಬಿಕೆಯ ಮೇಲೆ ಎಲ್ಲ ನಿಂತಿತ್ತು.

ಯಾವ ದುರ್ನಾತ ಎಂಬುದನ್ನು ಗೊತ್ತುಮಾಡಿದ್ದು ಹುಬ್ಬಳ್ಳಿಯ ಗಂಧಪರೀಕ್ಷಾ ಕೇಂದ್ರ. ಊರಿನವರು ಅದನ್ನು ಮೂಗಿನ ಆಫೀಸು ಎನ್ನುತ್ತಿದ್ದರು. ಅಲ್ಲಿ ಹನ್ನೆರಡು ಜನ ಮೂಸುವವರಿದ್ದರು, ಅವರ ಮುಖ್ಯಸ್ಥೆ ನೀಲಾಂಬಿಕಾ ಉಳ್ಳಾಗಡ್ಡಿ. ನಲವತ್ತಾರು ವಯಸ್ಸಿನ, ಕೆಲಸದಲ್ಲಿ ಕಟ್ಟುನಿಟ್ಟಿನ ಹೆಂಗಸು. ಪರೀಕ್ಷೆಯ ನಿಯಮಗಳನ್ನೆಲ್ಲ ಬರೆದವಳು ಅವಳೇ. ಮೂಗು ಶುದ್ಧವಿರಬೇಕೆಂದು ಮೂಸುವವರು ನಲವತ್ತು ದಿನ ಮೊದಲಿನಿಂದಲೇ ಈರುಳ್ಳಿ, ಬೆಳ್ಳುಳ್ಳಿ, ಮಾಂಸ, ಮೀನು ಮುಟ್ಟುವಂತಿಲ್ಲ, ಅವು ಬೇಯುವ ಮನೆಯಲ್ಲಿ ಇರುವಂತೆಯೂ ಇಲ್ಲ ಎಂಬುದು ಒಂದು ನಿಯಮ. ಮನೆತನದ ಹೆಸರಿನಲ್ಲೇ ಉಳ್ಳಾಗಡ್ಡಿ, ಅಂದರೆ ಈರುಳ್ಳಿಯನ್ನೇ, ಇಟ್ಟುಕೊಂಡ ಅವಳೂ ಅದನ್ನು ಪಾಲಿಸಿದಳು. ಪಾಲಿಸಲಾಗದವರು ಮೊದಲ ವಾರದಲ್ಲೇ ಬಿಟ್ಟುಹೋದರು. ಯಾರು ಉಳಿದರು, ಯಾರು ಹೋದರು ಎಂದು ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಎರಡನೆಯ ನಿಯಮ: ಪರೀಕ್ಷೆಗೆಂದು ದುರ್ನಾತ ತುಂಬಿಟ್ಟ ಸೀಸೆಗಳ ಮೇಲೆ ಹೆಸರು ಬರೆಯಬಾರದು, ನಂಬರು ಮಾತ್ರ. ಮೂರನೆಯದು ಅವಳಿಗೆ ತುಂಬ ಹೆಮ್ಮೆಯದು. ಆಯ್ಕೆಯಾದ ಸೀಸೆಯನ್ನು ಮುಖ್ಯಸ್ಥೆ ತಾನೇ ಮೂಸಿ, ಓಕರಿಸಿದ ಮೇಲಷ್ಟೇ ಸಹಿ ಹಾಕಬೇಕು. ಓಕರಿಸಿದ್ದನ್ನು ಕಣ್ಣಾರೆ ಕಂಡ ಇನ್ನೊಬ್ಬರು ಅದೇ ಹಾಳೆಯಲ್ಲಿ ಸಾಕ್ಷಿ ಹಾಕಬೇಕು.

ನಲವತ್ತು ಸೀಸೆಗಳಲ್ಲಿ ಏಳನೆಯದನ್ನು ತೆರೆದಾಗ ಹನ್ನೆರಡು ಜನವೂ ಕೈತೊಳೆಯುವ ಬೇಸಿನ್ನಿನತ್ತ ಓಡಿದರು. ನೀಲಾಂಬಿಕಾ ಕಣ್ಣಲ್ಲಿ ನೀರು ತುಂಬಿಕೊಂಡೇ ಸಹಿ ಹಾಕಿದಳು. ಅದು ಏನೆಂದು ಅವಳು ಕೇಳಲಿಲ್ಲ, ಕೇಳುವುದು ನಿಯಮಕ್ಕೆ ವಿರುದ್ಧ.

ಆ ವಾಸನೆಯೇ ಎಲ್ಲ ಮೂಗುತಿಗಳಿಗೂ ಹೋಯಿತು. ಮೊದಲ ಆರು ತಿಂಗಳು ಎಲ್ಲರೂ ಮೂಗುತಿಯನ್ನು ಕೊಂಡಾಡಿದರು. ಕೇಂದ್ರದ ದೊಡ್ಡ ಕೋಣೆಯ ಗೋಡೆಯ ಮೇಲೆ ರಾಜ್ಯದ ನಕಾಶೆಯಿತ್ತು. ಸುಳ್ಳು ಪುಟಗಳನ್ನು ಜನ ಬಿಟ್ಟೆದ್ದ ಕಡೆಯೆಲ್ಲ ಅದು ಹಸಿರಾಗುತ್ತಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚಿನ ಪಾಲು ಹಸಿರು. ಕರಾವಳಿಯ ಅಂಚಿಗೆ ಮಾತ್ರ ಒಂದು ಕೆಂಪು ಗೆರೆ. ಅಲ್ಲಿ ಸುಳ್ಳು ಪುಟಗಳ ಓದುಗರು ಕಡಿಮೆಯಾಗುವುದಿರಲಿ, ದಿನದಿನಕ್ಕೆ ಹೆಚ್ಚುತ್ತಿದ್ದರು. ನಿರ್ದೇಶಕ ಪಟ್ಟಣಶೆಟ್ಟಿಯವರು ಸಭೆ ಕರೆದರು. ಉಪ್ಪುಗಾಳಿಗೆ ಅಲ್ಲಿಯವರ ಮೂಗು ಮೊಂಡಾಗಿರಬೇಕು ಎಂದು ಒಬ್ಬರು, ಅವರಿಗೆ ಮೂಗೇ ಇಲ್ಲ ಬಿಡಿ ಎಂದು ಇನ್ನೊಬ್ಬರು. ಎಲ್ಲರೂ ನಕ್ಕರು, ನೀಲಾಂಬಿಕಾಳೂ ನಕ್ಕಳು. ಕರಾವಳಿಯ ಮೂಗುತಿಗಳಲ್ಲಿ ವಾಸನೆಯನ್ನು ಎರಡು ಪಟ್ಟು ಮಾಡೋಣ ಎಂದು ಸೂಚಿಸಿದವಳೂ ಅವಳೇ. ಮಾಡಿದರು. ಕೆಂಪು ಗೆರೆ ಇನ್ನಷ್ಟು ದಪ್ಪವಾಯಿತು.

ಅದಾಗಿ ಮೂರು ವಾರಕ್ಕೆ ದೇವಕಿ ಹರಿಕಂತ್ರ ಎಂಬ ಐವತ್ತೈದರ ಹೆಂಗಸು ಅಂಕೋಲೆಯಿಂದ ಬಸ್ಸು ಹತ್ತಿ ಮೂಗಿನ ಆಫೀಸಿಗೆ ಬಂದಳು. ಕೈಯಲ್ಲಿ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲ, ಸೊಂಟದಲ್ಲಿ ಸಿಕ್ಕಿಸಿದ ಕನ್ನಡಕ. ಸಂತೆಸಂತೆಗೆ ಒಣಮೀನು ಹೊತ್ತು ಮಾರುವವಳು. ಹನ್ನೊಂದು ವರ್ಷದ ಹಿಂದೆ ಅವಳು ಒಂದು ಪುಟ ಶುರುಮಾಡಿದ್ದಳು. ಯಾವ ಊರಿನ ಯಾವ ಹೆಂಗಸು ಯಾವ ವಾರ ಯಾವ ಸಂತೆಯಲ್ಲಿ ಕೂರುತ್ತಾಳೆ ಎಂಬ ಪಟ್ಟಿ, ಅಷ್ಟೇ. ಆಮೇಲೆ ಕೇಳುವವರು ಕೇಳಿದಂತೆಲ್ಲ ಸೇರಿಸುತ್ತ ಹೋದಳು: ಭರತ ಇಳಿತದ ಹೊತ್ತು, ಬಾಣಂತಿಗೆ ಯಾವ ಮೀನು ಆದೀತು, ಔಷಧಿ ಹಾಕಿದ ಮೀನನ್ನು ಹೇಗೆ ಗುರುತಿಸುವುದು, ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ಮೊದಲು ಏನು ಮಾಡಬೇಕು. ಕೊಂಡಿ ಹಾಕಿ ಎಂದು ಯಾರನ್ನೂ ಬೇಡಲಿಲ್ಲ. ಶಾಲೆಯ ಮಾಸ್ತರರು, ಆಸ್ಪತ್ರೆಯ ನರ್ಸುಗಳು, ಬಂದರಿನ ಗುಮಾಸ್ತರು ತಾವಾಗಿಯೇ ಹಾಕಿದ್ದರು. ದಿನಕ್ಕೆ ಸಾವಿರಾರು ಜನ ಬಂದು ಓದುತ್ತಿದ್ದರು.

ಈಗ ದಿನಕ್ಕೆ ಒಂಬತ್ತು ಹತ್ತು ಮಂದಿ. ಅವಳ ಪಟ್ಟಿಯನ್ನೇ ಕದ್ದು, ಮನಸ್ಸಿಗೆ ಬಂದದ್ದನ್ನು ತುರುಕಿ, ಅರವತ್ತು ಡೈರೆಕ್ಟರಿಗಳು ಎದ್ದಿದ್ದವು. ಅವಳ ಕೇರಿಯವರೇ ಈಗ ಅಲ್ಲಿಗೆ ಹೋಗುತ್ತಿದ್ದರು. ಅವಳ ತಂಗಿಯ ಗಂಡನ ಕಾಲಿಗೆ ತೊರಕೆ ಚುಚ್ಚಿದಾಗ ಮನೆಯವರು ನೋಡಿದ್ದು ಅಂಥದ್ದೇ ಒಂದು ಪುಟವನ್ನು. ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟು ಬೇಗ ಆಸ್ಪತ್ರೆಗೆ ಒಯ್ಯಿರಿ ಎಂದು ದೇವಕಿ ಬರೆದಿದ್ದಳು. ಮಂಜುಗಡ್ಡೆ ಇಟ್ಟು ಹಗ್ಗದಿಂದ ಬಿಗಿದು ಕಟ್ಟಿ ಒಂದು ದಿನ ಮಲಗಿಸಿ ಎಂದು ಆ ಪುಟ ಹೇಳಿತ್ತು. ಮೂರನೆಯ ದಿನ ಪಾದ ಕತ್ತರಿಸಬೇಕಾಯಿತು. ಇದನ್ನೆಲ್ಲ ದೇವಕಿ ದನಿ ಏರಿಸದೆ ಹೇಳಿದಳು.

ಆ ಪುಟ ಓದುವಾಗ ಅವರು ಮೂಗುತಿ ಹಾಕಿಕೊಂಡಿರಲಿಲ್ಲವೇ ಎಂದು ನೀಲಾಂಬಿಕಾ ಕೇಳಿದಳು. ತಂಗಿ ಹಾಕಿಕೊಂಡೇ ಇದ್ದಳು ಎಂದು ಉತ್ತರ ಬಂತು. ಹಾಗಾದರೆ ಕೆಟ್ಟ ವಾಸನೆ ಬರಲಿಲ್ಲವೇ ಎಂದರೆ, ಕೆಟ್ಟ ವಾಸನೆ ಯಾವತ್ತೂ ಬಂದೇ ಇಲ್ಲ, ಬರುವುದೆಲ್ಲ ಒಳ್ಳೆಯ ವಾಸನೆಯೇ, ಅದರಲ್ಲೂ ಈಚೆಗೆ ಎರಡು ಪಾಲು ಘಮ ಎಂದಳು ದೇವಕಿ. ಆಮೇಲೆ ಚೀಲದ ಬಾಯಿ ಬಿಚ್ಚಿ ಮೇಜಿನ ಮೇಲಿಟ್ಟಳು.

ಒಳಗಿದ್ದದ್ದು ನಾಲ್ಕು ಒಣ ಬಂಗಡೆ, ಒಂದು ಹಿಡಿ ಸೀಗಡಿ. ಕೋಣೆಯಲ್ಲಿದ್ದವರೆಲ್ಲ ಬೇಸಿನ್ನಿನತ್ತ ಓಡಿದರು. ನೀಲಾಂಬಿಕಾ ಓಡಲಿಲ್ಲ, ಸೆರಗನ್ನು ಬಾಯಿಗೊತ್ತಿ ಕೂತೇ ಇದ್ದಳು. ಬಾಗಿಲಲ್ಲಿ ನಿಂತಿದ್ದ ಫಕೀರಪ್ಪ ಕೆಮ್ಮಿದ. ಸೀಸೆಗಳನ್ನು ತುಂಬಿದವನು ಅವನೇ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಳೆಯ ಆಳು.

“ಅದು ಏಳನೇದ ನೋಡ್ರಿ ಬಾಯಾರ. ನಾನ ಸಂತ್ಯಾಗ ತಂದು ತುಂಬಿದ್ದೆ.”

“ಮತ್ತ ಯಾಕ ಹೇಳಲಿಲ್ಲ?”

“ನಂಬರಷ್ಟ ಹಚ್ಚು, ಹೆಸರ ಬರೀಬ್ಯಾಡ ಅಂತ ನೀವ ಅಂದಿದ್ರಿ.”

ಹನ್ನೆರಡು ಜನರಲ್ಲಿ ಒಬ್ಬರ ಮನೆಯಲ್ಲೂ ಎಂದೂ ಮೀನು ಬೆಂದಿರಲಿಲ್ಲ. ಶುದ್ಧ ಮೂಗು ಬೇಕೆಂದು ಜರಡಿ ಹಿಡಿದವಳು ನೀಲಾಂಬಿಕಾ, ಜರಡಿಯಲ್ಲಿ ಉಳಿದದ್ದು ತನ್ನಂಥವರೇ. ತಮಗೆ ಹೇಸಿಗೆಯಾದದ್ದು ಲೋಕಕ್ಕೆಲ್ಲ ಹೇಸಿಗೆ ಎಂದು ಸಹಿ ಹಾಕಿ ಕಳಿಸಿದ್ದರು. ಅತ್ತ ಕಡಲ ದಂಡೆಯಲ್ಲಿ ಪ್ರತಿಯೊಂದು ಸುಳ್ಳು ಪುಟವೂ ಅಮ್ಮನ ಅಡುಗೆಮನೆಯ ವಾಸನೆ ಬೀರುತ್ತ ಜನರನ್ನು ಒಳಗೆ ಕರೆದಿತ್ತು. ದೇವಕಿಯ ಸಾಚಾ ಪುಟ ಸಪ್ಪಗೆ ಹೊರಗೆ ನಿಂತಿತ್ತು. ನೀಲಾಂಬಿಕಾಳಿಗೆ ಮೊದಲು ಆ ಮೀನಿನ ಮೇಲೆ ಅಸಹ್ಯವಾಗಿತ್ತು, ಈಗ ತನ್ನ ಮೂಗಿನ ಮೇಲೆಯೇ ಆಯಿತು.

ಕರಾವಳಿಗೆ ಬೇರೆ ವಾಸನೆ ಹುಡುಕಬೇಕು. ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿಯಲು ಹತ್ತು ದಿನ ಉಳಿದಿತ್ತು, ಅಷ್ಟರಲ್ಲಿ ಆಗದಿದ್ದರೆ ಇನ್ನೊಬ್ಬರ ಕಾಲು, ಅಥವಾ ಜೀವ. ಕೇಂದ್ರದ ಅತಿಥಿ ಕೋಣೆಯಲ್ಲಿ ಉಳಿದು ಮೂಸಿಕೊಡಬಹುದೇ ಎಂದು ಕೇಳಿದಾಗ ದೇವಕಿ ಒಪ್ಪಿದಳು. ಎರಡು ದಿನ ಒಂದೊಂದೇ ಸೀಸೆ ತೆರೆದು ಕೊಟ್ಟರು. ಕೊಳೆತ ಮೊಟ್ಟೆ, ಚರಂಡಿ ನೀರು, ಹಳಸಿದ ಹಾಲು, ಸತ್ತ ಇಲಿ. ಅವಳು ಪ್ರತಿಯೊಂದನ್ನೂ ಮೂಸಿ, ಚೆನ್ನಾಗಿಲ್ಲ, ಆದರೂ ಇದಕ್ಕೆ ಎದ್ದು ಓಡುವಂಥದ್ದೇನೂ ಇಲ್ಲ ಎನ್ನುತ್ತಿದ್ದಳು. ದಂಡೆಯಲ್ಲಿ ಬಲೆಯಿಂದ ಸತ್ತದ್ದನ್ನು ಬಿಡಿಸುತ್ತ ಬೆಳೆದವಳಿಗೆ ಇವರ ಸೀಸೆಗಳು ಮಕ್ಕಳಾಟ. ನಲವತ್ತೂ ಮುಗಿದವು.

ಮೂರನೆಯ ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೋಗಿದ್ದ ದೇವಕಿ ವಾಪಸ್ಸು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮುಖ ಕಿವುಚಿಕೊಂಡಿತು. ಸೆರಗು ಮೂಗಿಗೆ ಹೋಯಿತು. ನೀಲಾಂಬಿಕಾ ಸುತ್ತ ನೋಡಿದಳು. ಸೀಸೆಗಳೆಲ್ಲ ಮುಚ್ಚಿದ್ದವು. ಕಿಟಕಿಯ ಬಳಿ ಫಕೀರಪ್ಪ ಹಚ್ಚಿಟ್ಟಿದ್ದ ಎರಡು ಊದಿನಕಡ್ಡಿ ಮಾತ್ರ ಹೊಗೆಯಾಡುತ್ತಿದ್ದವು.

ಏನಾಯಿತು ಎಂದು ಕೇಳಿದರೆ ಅವಳು ತಿರುಗಿ ನಡೆದಳು. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು ಹೇಳಿದಳು.

“ನಾವು ಎದ್ದು ಹೋದ ಮೇಲೆ ನಮ್ಮ ಮೀನಿನ ನಾತ ಹೋಗ್ಲಿ ಅಂತ ಮನೆಯವ್ರು ಹಚ್ತಾರಲ್ಲ ಅಕ್ಕೋರೆ, ಅದೇ ವಾಸನೆ. ಎದುರಿಗೆ ಯಾರೂ ಎಂತದೂ ಹೇಳುದಿಲ್ಲ. ನಗಾಡ್ತೇ ಮಾತಾಡ್ತಾರೆ, ನೀರೂ ಕೊಡ್ತಾರೆ. ಮೆಟ್ಲು ಇಳಿಯೂಕಿಲ್ಲ, ಬೆನ್ನಿಗೇ ಈ ಹೊಗೆ ಬತ್ತದೆ. ಸಣ್ಣವಳಿದ್ದಾಗಿಂದ ಇದು ಮೂಗಿಗೆ ಬಡಿದ್ರೆ ನಂಗೆ ಹೊಟ್ಟೆ ತೊಳಸ್ತದೆ.”

ಫಕೀರಪ್ಪ ತಲೆ ತಗ್ಗಿಸಿ ಒಳಗೆ ಹೋಗಿ ಕಡ್ಡಿಗಳನ್ನು ನೀರಿನಲ್ಲಿ ಅದ್ದಿದ. ದೇವಕಿಯ ಕೇರಿಯ ಇಪ್ಪತ್ತು ಹೆಂಗಸರಿಗೆ, ಕುಮಟಾ ಹೊನ್ನಾವರದ ಇನ್ನಷ್ಟು ಜನರಿಗೆ ಆ ವಾಸನೆಯ ಮೂಗುತಿಯನ್ನು ಪರೀಕ್ಷೆಗೆ ಕಳಿಸಿದರು. ಎಲ್ಲ ಕಡೆಯಿಂದ ಒಂದೇ ಉತ್ತರ. ಅವರ ಮನೆಗಳ ದೇವರ ಮುಂದೆಯೂ ಊದಿನಕಡ್ಡಿ ಉರಿಯುತ್ತಿತ್ತು, ಅದರಿಂದ ಅವರಿಗೇನೂ ತೊಂದರೆಯಿರಲಿಲ್ಲ. ಆದರೆ ಪುಟ ತೆರೆದೊಡನೆ ಆ ಹೊಗೆ ಬಡಿದರೆ, ಯಾರೋ ನಕ್ಕು ಬೀಳ್ಕೊಟ್ಟು ಬೆನ್ನ ಹಿಂದೆ ಕಡ್ಡಿ ಗೀರಿದ ಹಾಗಾಗಿ ಪುಟವನ್ನು ಮುಚ್ಚಿಬಿಡುತ್ತಿದ್ದರು. ಫಕೀರಪ್ಪ ಹೊಸ ಸೀಸೆಗೆ ಊದಿನಕಡ್ಡಿಯ ಬೂದಿ, ಹೊಗೆಯ ಎಣ್ಣೆ ತುಂಬಿ ನಲವತ್ತೊಂದು ಎಂದು ಬರೆದ.

ಇನ್ನು ಉಳಿದದ್ದು ನೀಲಾಂಬಿಕಾಳ ಸಹಿ. ಅವಳು ಸೀಸೆ ತೆರೆದು ಮೂಸಿದಳು. ಅಜ್ಜಿಯ ನೆನಪು ಬಂತು. ಮತ್ತೆ ಮೂಸಿದಳು, ಸೋಮವಾರದ ಪೂಜೆ ನೆನಪಾಯಿತು. ಇಡೀ ಒಂದು ದಿನ ಸೀಸೆಯನ್ನು ಮೂಗಿನ ಕೆಳಗೇ ಇಟ್ಟುಕೊಂಡು ಕೂತರೂ ಬಂದದ್ದು ನೆಮ್ಮದಿಯ ತೂಕಡಿಕೆ. ಓಕರಿಕೆ ಬರಲಿಲ್ಲ. ಓಕರಿಸದೆ ಸಹಿಯಿಲ್ಲ. ಮೂಗುತಿಯ ಯಂತ್ರವೂ ಹಾಗೆಯೇ ಕಟ್ಟಿದ್ದು. ಮುಖ್ಯಸ್ಥೆಯ ನರ ಮಿಡಿದ ದಾಖಲೆ ಅವಳು ತೊಟ್ಟ ಮೂಗುತಿಯಿಂದಲೇ ಹೋಗಬೇಕು, ಸುಮ್ಮನೆ ನಟಿಸಿದರೆ ಅದು ಒಪ್ಪುವುದಿಲ್ಲ. ನಾಲ್ಕು ದಿನ ಕಳೆಯಿತು. ಕೊನೆಗೆ ನಿಯಮ ಸಡಿಲಿಸಿ ಎಂದು ಕೇಳಲು ಪಟ್ಟಣಶೆಟ್ಟಿಯವರ ಕೋಣೆಗೆ ಹೋದಳು.

“ಸರ್, ಅದು ನನಗ ದೇವರ ಮನಿ ವಾಸನಿ. ಹ್ಯಾಂಗ ಓಕರಿಸಲಿ?”

“ಆ ನಿಯಮ ಬರದಾಕಿ ನೀವ ಅಲ್ಲೇನ್ರಿ?” ಎಂದರು ಅವರು. ಇವತ್ತು ನಿಮಗೆ ಬಿಟ್ಟರೆ ನಾಳೆ ಸುಳ್ಳು ಡೈರೆಕ್ಟರಿಯವರು ತಮಗೆ ಬೇಕಾದವರ ಮೂಗು ತಂದು ಕೂಡಿಸುತ್ತಾರೆ ಎಂದು ಸೇರಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಅವಳಿಗೆ ಸಂಕಟವಾದದ್ದು.

ಮರುದಿನ ದೇವಕಿ ಊರಿಗೆ ಹೊರಡುವವಳಿದ್ದಳು. ದೋಣಿಗಳಿಗೆ ಪೂಜೆ ಮಾಡಿ ನೀರಿಗಿಳಿಸುವ ದಿನ ಹತ್ತಿರವಾಗಿತ್ತು, ಅವಳು ಅಲ್ಲಿರಬೇಕಿತ್ತು. ಬಸ್ಸು ಸಂಜೆಗೆ. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿಯೇ ಹೋಗಬೇಕೆಂದು ನೀಲಾಂಬಿಕಾ ಪಟ್ಟುಹಿಡಿದು ಕರೆದುಕೊಂಡು ಬಂದಳು. ಅತ್ತೆ ಗೌರವ್ವ ಬಿಸಿ ರೊಟ್ಟಿ ಬಡಿದಳು. ಎಣಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇನ್ನೊಂದು ರೊಟ್ಟಿ ಹಾಕಿಕೊಳ್ಳವಾ ಎಂದು ಗೌರವ್ವ ಒತ್ತಾಯ ಮಾಡಿದಳು. ದೇವಕಿ ಚೀಲವನ್ನು ಯಾರೂ ಹೇಳದೆಯೇ ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಂದಿದ್ದಳು. ಒಳಗೆ ತನ್ನಿ ಎಂದು ನೀಲಾಂಬಿಕಾ ಹೇಳಲಿಲ್ಲ, ಆ ಹೊತ್ತಿಗೆ ಹೊಳೆಯಲೂ ಇಲ್ಲ. ಊಟವಾದ ಮೇಲೆ ದೇವಕಿ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ತನ್ನ ಪುಟ ತೋರಿಸಿದಳು. ಆ ದಿನ ಆರು ಜನ ಬಂದಿದ್ದರು. ಅದರ ಪಕ್ಕದಲ್ಲೇ ಕದ್ದ ಡೈರೆಕ್ಟರಿ, ಅಲ್ಲಿ ಹನ್ನೊಂದು ಸಾವಿರ. ಮಂಜುಗಡ್ಡೆ, ಹಗ್ಗ, ಎಲ್ಲ ಹಾಗೆಯೇ ಇತ್ತು. ನನ್ನಿಂದ ಆಗುವುದನ್ನು ಮಾಡಿಯೇ ಮಾಡುತ್ತೇನೆ ಎಂದು ನೀಲಾಂಬಿಕಾ ಅವಳ ಕೈ ಹಿಡಿದು ಮಾತುಕೊಟ್ಟಳು. ಆ ಮಾತು ಮನಸ್ಸಿನಿಂದಲೇ ಬಂದದ್ದು.

ಬಾಗಿಲವರೆಗೆ ಕಳಿಸಿಕೊಟ್ಟು, ಮುಂದಿನ ಸಲ ಬಂದರೆ ನಮ್ಮಲ್ಲೇ ಉಳಿಯಬೇಕು ಎಂದು ಹೇಳಿ ಒಳಗೆ ಬಂದಳು. ತಾಟು ಎತ್ತಿದಳು, ನೆಲ ಒರೆಸಿದಳು. ಎಷ್ಟು ಒಳ್ಳೆಯ ಹೆಂಗಸು ಎಂದು ಯೋಚಿಸುತ್ತಲೇ ಇದ್ದಳು.

ಒಳಗೆ ಮಲಗಿದ್ದ ಗೌರವ್ವನ ದನಿ ಕೇಳಿತು.

“ದೀಪಾ ಹಚ್ಚೂ ಹೊತ್ತ ಇನ್ನೂ ಆಗಿಲ್ಲಲ್ಲವಾ ನೀಲಾ. ಈಗ್ಯಾಕ ಹಚ್ಚಿದಿ?”

ನೀಲಾಂಬಿಕಾ ತನ್ನ ಕೈ ನೋಡಿಕೊಂಡಳು. ಬಲಗೈಯಲ್ಲಿ ಕಡ್ಡಿಪೆಟ್ಟಿಗೆ. ಎಡಗೈಯಲ್ಲಿ ಎರಡು ಊದಿನಕಡ್ಡಿ, ತುದಿ ಕೆಂಪಾಗಿ ಉರಿಯುತ್ತಿದ್ದವು. ಯಾವಾಗ ತೆಗೆದಳು, ಯಾವಾಗ ಹಚ್ಚಿದಳು, ಒಂದೂ ನೆನಪಿಲ್ಲ. ನಿಂತಿದ್ದದ್ದು ದೇವರ ಗೂಡಿನ ಮುಂದಲ್ಲ. ದೇವಕಿ ಕೂತು ಎದ್ದ ಚಾಪೆಯ ಹತ್ತಿರ.

ಬಾಗಿಲ ಬಳಿ ಸಪ್ಪಳವಾಯಿತು. ಮರೆತ ಕನ್ನಡಕಕ್ಕೆಂದು ದೇವಕಿ ತಿರುಗಿ ಬಂದಿದ್ದಳು. ಹೊಸ್ತಿಲ ಆಚೆ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಂತೂ ಇರಲೇ ಇಲ್ಲ. ನಿಧಾನವಾಗಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಬೇರೆ ಯಾವುದೋ ಬಾಗಿಲಲ್ಲಿ ನೂರು ಸಲ ಒತ್ತಿಕೊಂಡ ಹಾಗೆಯೇ.

ಹೊಗೆ ನೀಲಾಂಬಿಕಾಳ ಮುಖಕ್ಕೆ ಬಂತು. ಅಜ್ಜಿಯ ನೆನಪಾಗಲಿಲ್ಲ. ಸಿಹಿಯಾದ, ಅಂಟಂಟಾದ, ಗಂಟಲಿಗೆ ಇಳಿಯುವ ಒಂದು ಕೊಳಕು. ಇಷ್ಟು ಹೊತ್ತು ಆಡಿದ ಒಳ್ಳೆಯ ಮಾತುಗಳೆಲ್ಲ ಅದರೊಳಗೆ ಕೊಳೆಯುತ್ತಿದ್ದವು. ಅವಳು ಕಡ್ಡಿಗಳನ್ನು ಕೈಬಿಟ್ಟು ಬಚ್ಚಲಿಗೆ ಓಡಿದಳು. ಉಂಡ ರೊಟ್ಟಿಯೆಲ್ಲ ಹೊರಗೆ ಬಂತು.

ಯಾರೋ ಬೆನ್ನು ನೀವುತ್ತಿದ್ದರು. ತಿರುಗಿ ನೋಡಿದರೆ ದೇವಕಿ. ಅವಳು ತಂಬಿಗೆಯಲ್ಲಿ ನೀರು ಮೊಗೆದು ಕೊಟ್ಟಳು. ಕ್ಷಮಿಸಿ ಎನ್ನಲು ನೀಲಾಂಬಿಕಾ ಬಾಯಿ ತೆರೆದಳು. ದೇವಕಿ ತಲೆಯಾಡಿಸಿ ತಡೆದಳು.

“ಆ ಕಾಗದ ಎಲ್ಲುಂಟು ಅಕ್ಕೋರೆ? ನಂಗೆ ಬಸ್ಸಿಗೆ ಹೊತ್ತಾಗ್ತದೆ.”

ಸಹಿಯಾಗದ ಆ ಹಾಳೆ ನಾಲ್ಕು ದಿನದಿಂದ ಕೈಚೀಲದಲ್ಲೇ ಇತ್ತು. ಮೂಗುತಿ ಮೂಗಿನಲ್ಲೇ ಇತ್ತು, ಅದೇ ಹೊಗೆಗೆ ನರ ಮಿಡಿದ ದಾಖಲೆ ಆಗಲೇ ಹೋಗಿತ್ತು. ನೀಲಾಂಬಿಕಾ ಒದ್ದೆ ಕೈಯಿಂದಲೇ ಸಹಿ ಹಾಕಿದಳು. ದೇವಕಿ ಚಾಪೆಯ ಮೇಲಿದ್ದ ಕನ್ನಡಕ ಎತ್ತಿ ಹಾಕಿಕೊಂಡು, ಹಾಳೆಯನ್ನು ಒಮ್ಮೆ ಪೂರ್ತಿ ಓದಿ, ಸಾಕ್ಷಿ ಎಂಬ ಕಡೆ ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಬರೆದಳು. ಆಮೇಲೆ ಹೊರಗೆ ಹೋಗಿ, ಮತ್ತೆ ಕಟ್ಟೆಯ ಮೇಲೆಯೇ ಇಟ್ಟು ಬಂದಿದ್ದ ಚೀಲ ಎತ್ತಿಕೊಂಡಳು.